ನಿದ್ದೆಯ ಡಬ್ಬಿ ಕಾಯುವವರು

ಮೈಸೂರಿನಿಂದ ಪಂಢರಪುರಕ್ಕೆ ಹೋಗುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ ದಾಟಿ ಬಾದಾಮಿಯತ್ತ ಹೊರಳುವಷ್ಟರಲ್ಲಿ ಬೆಳಗು ಹತ್ತಿರವಾಗಿರುತ್ತದೆ. ಡಬ್ಬಿಯ ದೀಪಗಳು ಆರಿರುತ್ತವೆ. ಮೇಲಿನ, ನಡುವಿನ, ಕೆಳಗಿನ ಹಲಗೆಗಳ ಮೇಲೆ ಜನ ಕಂಬಳಿ ಹೊದ್ದು ಮಲಗಿರುತ್ತಾರೆ. ಹವಾನಿಯಂತ್ರಿತ ಡಬ್ಬಿಯಲ್ಲಿ ಆ ಹೊತ್ತಿಗೆ ಒಬ್ಬ ಮಾತ್ರ ಎದ್ದಿರುತ್ತಾನೆ, ಎದ್ದಿರಬೇಕೆಂಬುದು ನಿಯಮ. ಹಾಸಿಗೆ-ಹೊದಿಕೆ ಹಂಚಿ, ಬಾಗಿಲು ಕಾಯ್ದು, ಇಳಿಯುವವರನ್ನು ಎಬ್ಬಿಸಬೇಕಾದ ಈತನಿಗೆ ರೈಲ್ವೆಯ ಕಾಗದಪತ್ರಗಳಲ್ಲಿ ‘ಕೋಚ್ ಅಟೆಂಡೆಂಟ್’ ಎಂದು ಹೆಸರು. ಜನರ ಬಾಯಲ್ಲಿ ಈತ ‘ಅಟೆಂಡರ್’ ಅಥವಾ ‘ಭಯ್ಯಾ’. ಬಾಗಲಕೋಟೆ ಕಡೆಯವರಿಗೆ ಸರಳವಾಗಿ ‘ತಮ್ಮಾ’. “ತಮ್ಮಾ, ಬಾದಾಮಿ ಬಂದ್ರ ಎಬ್ಬಸಪಾ” ಎಂದು ಹೇಳಿ ಮಲಗಿದರೆ ಹಿರಿಯರ ಚಿಂತೆ ಮುಗಿಯಿತು. ಆ ಕ್ಷಣದಿಂದ ಚಿಂತೆ ತಮ್ಮನದು.

ಬಾದಾಮಿಯಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಊರು ನಿಲ್ದಾಣದಿಂದ ಸುಮಾರು 5 ಕಿ.ಮೀ. ದೂರ. ಹೀಗಾಗಿ ಕಿಟಕಿಯಿಂದ ಇಣುಕಿ ಗುಡ್ಡ ನೋಡಿ ಊರು ಗುರುತಿಸುವ ಅನುಕೂಲವೂ ಇಲ್ಲ. ಹೊಳೆಆಲೂರು ದಾಟಿತೆಂದರೆ ಎಬ್ಬಿಸಬೇಕು. ಗುಳೇದಗುಡ್ಡ ರೋಡ್ ಬಂದ ಮೇಲೆ ಎಬ್ಬಿಸಿದರೆ ಮುಂದೆ ಬಾಗಲಕೋಟೆಯೇ ಗತಿ. ದೂರದ ರಾಜ್ಯದಿಂದ ಬಂದ ಹುಡುಗ ಈ ಕೆಲಸದಲ್ಲಿದ್ದರೆ ಇಂಥ ಲೆಕ್ಕವನ್ನೆಲ್ಲ ನಾಲ್ಕಾರು ಬಾರಿ ಬೈಸಿಕೊಂಡೇ ಕಲಿಯಬೇಕಾಗುತ್ತದೆ. ಈಗ 139ಕ್ಕೆ ಕರೆ ಮಾಡಿದರೆ ನಿಲ್ದಾಣ ಬರುವ ಮೊದಲು ಮೊಬೈಲೇ ಎಬ್ಬಿಸುವ ವ್ಯವಸ್ಥೆಯೇನೋ ಇದೆ. ಆದರೂ ಮನುಷ್ಯನ ಕಿವಿಗೆ ಹೇಳಿಟ್ಟ ಸಮಾಧಾನವೇ ಬೇರೆ.

ರಾತ್ರಿಯ ಗಾಡಿಯಲ್ಲಿ ಓಡಾಡುವ ಸಿಬ್ಬಂದಿಯನ್ನೆಲ್ಲ ಪ್ರಯಾಣಿಕರು ಒಂದೇ ಎಂದು ತಿಳಿಯುವುದುಂಟು. ಕಪ್ಪು ಕೋಟಿನ ಟಿ.ಟಿ. ಟಿಕೆಟ್ ನೋಡುವವರು, ಹಲಗೆ ಹಂಚುವ ಅಧಿಕಾರವುಳ್ಳವರು. ತಂಪು ಯಂತ್ರ ಕೆಟ್ಟರೆ ಬರುವವರು ಮೆಕ್ಯಾನಿಕ್. ಕಸ ಗುಡಿಸಿ ಶೌಚಾಲಯ ತೊಳೆಯುವವರು ಮತ್ತೊಂದು ತಂಡದವರು. ಈ ಎಲ್ಲರ ವಿರುದ್ಧದ ದೂರು ಮೊದಲು ಬೀಳುವುದು ಮಾತ್ರ ಬಾಗಿಲ ಬಳಿ ಕೂತ ಅಟೆಂಡೆಂಟ್‌ನ ಮೇಲೆ. ಚಳಿಯಾದರೂ ಅವನನ್ನೇ ಕೇಳುತ್ತಾರೆ, ಸೆಕೆಯಾದರೂ ಅವನನ್ನೇ.

ಕೆಲಸದ ಗಾತ್ರ ತಿಳಿಯಲು ಸಣ್ಣ ಲೆಕ್ಕ ಸಾಕು. ಹೊಸ ಮಾದರಿಯ ಮೂರು ಅಂತಸ್ತಿನ ಹವಾನಿಯಂತ್ರಿತ ಡಬ್ಬಿಯಲ್ಲಿ 72 ಹಲಗೆಗಳಿವೆ. ತಲಾ ಎರಡು ಚಾದರ, ಒಂದು ದಿಂಬಿನ ಚೀಲ, ಒಂದು ಕೈವಸ್ತ್ರ ಎಂದರೆ 288 ಬಟ್ಟೆಗಳು. ಅದರ ಮೇಲೆ 72 ದಿಂಬು, 72 ಕಂಬಳಿ. ಒಟ್ಟು 432 ನಗ. ಇದು ಒಂದು ಸಲ ಮಲಗುವವರ ಲೆಕ್ಕ. ಬೆಂಗಳೂರಿನಿಂದ ಬಂದವರು ಬಾಗಲಕೋಟೆಯಲ್ಲಿ ಇಳಿದು, ಅದೇ ಹಲಗೆಗೆ ಮತ್ತೊಬ್ಬರು ಬಂದರೆ ಹೊಸ ಪೊಟ್ಟಣ ಒಡೆಯಬೇಕು. ಒಗೆದ ಬಟ್ಟೆ ಕಂದು ಕಾಗದದ ಪೊಟ್ಟಣದಲ್ಲಿ ಬರುತ್ತದೆ. ಪೊಟ್ಟಣ ಒಡೆಯುವ ಸದ್ದೇ ಪ್ರಯಾಣಿಕನಿಗೆ ಶುಚಿತ್ವದ ಪ್ರಮಾಣಪತ್ರ. ಬಳಸಿದ ಬಟ್ಟೆ ಚೀಲಗಳಲ್ಲಿ ಬಾಗಿಲ ಹತ್ತಿರ ಸೇರುತ್ತದೆ. ಎಷ್ಟೋ ಗಾಡಿಗಳಲ್ಲಿ ಅಟೆಂಡೆಂಟ್ ಬೆನ್ನು ಚಾಚುವುದೂ ಇದೇ ಚೀಲಗಳ ಮಗ್ಗುಲಲ್ಲಿ, ಶೌಚಾಲಯದ ಪಕ್ಕದ ಕಿರುಜಾಗದಲ್ಲಿ.

ಇಳಿಯುವ ಊರು ಇನ್ನೂ ದೂರವಿರುವಾಗಲೇ ಬಂದು ಕಂಬಳಿ ಎಳೆಯುತ್ತಾನೆಂಬುದು ಅಟೆಂಡೆಂಟ್‌ನ ಮೇಲಿನ ಅತಿ ಹಳೆಯ ದೂರು. ದೂರು ಸುಳ್ಳಲ್ಲ. ಆದರೆ ಅವನ ಅವಸರದ ಕಾರಣ ಆ 432ರ ಲೆಕ್ಕದಲ್ಲಿದೆ. ಅದಕ್ಕೆ ಮುಂದೆ ಬರೋಣ.

ಹಾಸಿಗೆ ಹೊತ್ತು ಹೊರಟ ಕಾಲ

ಬಾಗಲಕೋಟೆ, ಬಾದಾಮಿಗಳಿಗೆ ರೈಲು ಬಂದದ್ದು 1884ರಲ್ಲಿ. 1876–78ರ ಭೀಕರ ಬರ ಮುಂಬಯಿ ಕರ್ನಾಟಕವನ್ನು ಹಣ್ಣು ಮಾಡಿದ ಬಳಿಕ, ಕಾಳುಕಡಿ ಸಾಗಿಸುವ ದಾರಿಯಿಲ್ಲದೆ ಜನ ಸತ್ತರೆಂಬ ಅರಿವು ಸರ್ಕಾರಕ್ಕೆ ಆಯಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹೋಟಗಿಯಿಂದ ಗದಗಿಗೆ ಮೀಟರ್ ಗೇಜ್ ಹಳಿ ಹಾಕಿತು. ಅಂದರೆ ಈ ದಾರಿ ಹುಟ್ಟಿದ್ದು ಧಾನ್ಯಕ್ಕಾಗಿ. ಮಲಗಿ ಹೋಗುವ ಸುಖಕ್ಕಾಗಿ ಅಲ್ಲ. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಮರದ ಬೆಂಚು, ಅದೂ ಸಿಕ್ಕವರಿಗೆ. ರಾತ್ರಿ ಕಳೆಯುವುದು ಪ್ರಯಾಣಿಕನ ಸ್ವಂತ ಜವಾಬ್ದಾರಿ.

ಈ ಜವಾಬ್ದಾರಿಯನ್ನು ಜನ ಕೌದಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಹಳೆಯ ಇಳಕಲ್ ಸೀರೆ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಕೈಹೊಲಿಗೆ ಹಾಕಿದ ಕೌದಿ ನೆಲಕ್ಕೆ ಹಾಸಲೂ ಆಗುತ್ತದೆ, ಚಳಿಗೆ ಹೊದೆಯಲೂ ಆಗುತ್ತದೆ. ಅದರಲ್ಲೇ ಬುತ್ತಿಯನ್ನೂ ಸುತ್ತಿಟ್ಟುಕೊಳ್ಳಬಹುದು. ಕೆಳಗೆ ಹಾಸಿದ ಕೌದಿಯ ಮೇಲೆ ಮಕ್ಕಳು ಮಲಗಿದರೆ ಹಿರಿಯರಲ್ಲಿ ಒಬ್ಬರು ಸಾಮಾನು ಕಾಯುತ್ತ ಎಚ್ಚರ. ಅಟೆಂಡೆಂಟ್‌ನ ಕೆಲಸವನ್ನು ಮನೆಯವರೇ ಸರದಿಯ ಮೇಲೆ ಮಾಡುತ್ತಿದ್ದರು ಎನ್ನಬೇಕು. ಮೂರನೆಯ ದರ್ಜೆಯ ಈ ಪಾಡನ್ನು ಗಾಂಧೀಜಿ 1917ರಲ್ಲಿ ಕಿರುಹೊತ್ತಗೆಯಾಗಿಯೇ ಬರೆದು ದೇಶದ ಮುಂದಿಟ್ಟರು.

ಮೊದಲ ದರ್ಜೆಯ ಕಥೆ ಬೇರೆ. ಸಾಹೇಬರ ಡಬ್ಬಿಯಲ್ಲಿ ಉದ್ದನೆಯ ಮೆತ್ತೆಯ ಆಸನವಿರುತ್ತಿತ್ತು; ಹಾಸಿಗೆ ಮಾತ್ರ ಅಲ್ಲಿಯೂ ಸ್ವಂತದ್ದೇ. ದಪ್ಪ ಕ್ಯಾನ್‌ವಾಸಿನ ಹೋಲ್ಡಾಲ್‌ನಲ್ಲಿ ಅದನ್ನು ಸುತ್ತಿ, ಪಟ್ಟಿ ಬಿಗಿದು ತರುತ್ತಿದ್ದರು. ಬಿಚ್ಚಿ ಹಾಸಲು ಸಾಹೇಬರ ಖಾಸಗಿ ಬೇರರ್ ಇದ್ದ. ಅವನಿಗೆಂದೇ ಮೊದಲ ದರ್ಜೆಗೆ ಹೊಂದಿಕೊಂಡು ‘ಸರ್ವೆಂಟ್’ ಎಂದು ಬರೆದ ಇಕ್ಕಟ್ಟಿನ ಕೋಣೆ ಇರುತ್ತಿತ್ತು. ಸ್ವಾರಸ್ಯವೆಂದರೆ ಆ ಕಾಲದ ಬಹುತೇಕ ಡಬ್ಬಿಗಳಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದುಹೋಗುವ ಓಣಿಯೇ ಇರಲಿಲ್ಲ. ಗಾಡಿ ನಿಂತಾಗ ಬೇರರ್ ತನ್ನ ಕೋಣೆಯಿಂದ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಓಡಿ, ಒಡೆಯನ ಬಾಗಿಲು ತಟ್ಟಬೇಕು. ಸೀಟಿ ಊದುವುದರೊಳಗೆ ಮರಳಬೇಕು. ಇಂದಿನ ಅಟೆಂಡೆಂಟ್‌ನ ಪೂರ್ವಜ ಈತನೇ. ಖಾಸಗಿ ಆಳು ಹೋಗಿ ರೈಲ್ವೆಯ ಆಳು ಬರಲು ಡಬ್ಬಿಯಲ್ಲಿ ಓಣಿ ಬರಬೇಕಾಯಿತು.

ಸ್ವಾತಂತ್ರ್ಯದ ನಂತರ ಸಾಮಾನ್ಯರಿಗೂ ಮಲಗುವ ಹಲಗೆಗಳು ಬಂದವು. 1974ರಲ್ಲಿ ಮೂರನೆಯ ದರ್ಜೆಯೆಂಬ ಹೆಸರು ಅಳಿಯಿತು. ಆದರೆ ಹಲಗೆ ಮರದ್ದೇ. ಅದಕ್ಕೆ ಎರಡು ಇಂಚಿನ ಮೆತ್ತೆ ಹಾಕಿಸಿದವರು 1977ರಿಂದ 1979ರವರೆಗೆ ರೈಲ್ವೆ ಸಚಿವರಾಗಿದ್ದ ಮಧು ದಂಡವತೆ. ರೈಲಿನಲ್ಲಿ ಮಲಗಿದ ಕೋಟ್ಯಂತರ ಬೆನ್ನುಗಳು ಇವರಿಗೆ ಋಣಿ ಎಂದರೆ ಉತ್ಪ್ರೇಕ್ಷೆಯಲ್ಲ. ಮೆತ್ತೆ ಬಂತು, ಹಾಸಿಗೆ ಬರಲಿಲ್ಲ. ಇಂದಿಗೂ ಸಾದಾ ಸ್ಲೀಪರ್ ಡಬ್ಬಿಯ ಟಿಕೆಟ್ಟಿನಲ್ಲಿ ಚಾದರ ಸೇರಿಲ್ಲ, ಎಬ್ಬಿಸುವವರಿಲ್ಲ, ಕೌದಿ ಮನೆಯಿಂದಲೇ. ಟಿಕೆಟ್ಟಿನ ಜತೆಗೆ ಹಾಸಿಗೆ ಸಿಗುವುದು ಹವಾನಿಯಂತ್ರಿತ ಡಬ್ಬಿಯಲ್ಲಿ. 1993ರಿಂದ ಮೂರು ಅಂತಸ್ತಿನ ಹವಾನಿಯಂತ್ರಿತ ಡಬ್ಬಿಗಳು ಬಂದ ಮೇಲೆ ಮಧ್ಯಮ ವರ್ಗದವರೂ ಒಳಗೆ ಬಂದರು. ಮಲಗುವವರ ಸಂಖ್ಯೆ ಬೆಳೆಯಿತು. ಕಾಯುವವರ ಅಗತ್ಯವೂ ಅದರೊಡನೆ ಬೆಳೆಯಿತು.

‘ಜಾರ್ಜ್’ ಎಂಬ ಒಂದೇ ಹೆಸರು

ಈ ಕೆಲಸದ ಚರಿತ್ರೆ ಅತ್ಯಂತ ವಿವರವಾಗಿ ದಾಖಲಾಗಿರುವುದು ಅಮೆರಿಕದಲ್ಲಿ. ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ 1867ರಲ್ಲಿ ಕಂಪನಿ ಕಟ್ಟಿ, ಮಲಗುವ ಐಷಾರಾಮಿ ಡಬ್ಬಿಗಳನ್ನು ಓಡಿಸತೊಡಗಿದ. ಹಾಸಿಗೆ ಹಾಸಲು, ಬೂಟು ಒರೆಸಲು, ಕರೆದಾಗ ಬರಲು ಆತ ನೇಮಿಸಿಕೊಂಡದ್ದು ಆಗತಾನೇ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ಕಪ್ಪು ಜನರನ್ನು. ಪ್ರಯಾಣಿಕರು ಅವರನ್ನೆಲ್ಲ ಕಂಪನಿಯ ಒಡೆಯನ ಹೆಸರಿನಿಂದ ‘ಜಾರ್ಜ್’ ಎಂದೇ ಕೂಗುತ್ತಿದ್ದರು. ಗುಲಾಮನನ್ನು ಒಡೆಯನ ಹೆಸರಿನಿಂದ ಕರೆಯುವ ಹಳೆಯ ರೂಢಿಯ ಮುಂದುವರಿಕೆ ಇದು. ನಮ್ಮ ‘ತಮ್ಮಾ’ ಎಂಬ ಕರೆಯಲ್ಲಿ ಅಕ್ಕರೆಯಾದರೂ ಇದೆ.

ತಿಂಗಳಿಗೆ ಸುಮಾರು 400 ಗಂಟೆಗಳ ದುಡಿಮೆ. ರಾತ್ರಿ ನಿದ್ದೆ ಮೂರ್ನಾಲ್ಕು ಗಂಟೆ. ಬೂಟಿನ ಪಾಲಿಶ್ ಸ್ವಂತ ಖರ್ಚಿನದು. ಪ್ರಯಾಣಿಕ ಟವೆಲ್ ಕದ್ದರೆ ಅದರ ಬೆಲೆಯೂ ಪೋರ್ಟರನ ಸಂಬಳದಿಂದ. ಸಂಬಳ ಕಡಿಮೆಯಾದ್ದರಿಂದ ಭಕ್ಷೀಸಿಗಾಗಿ ಸದಾ ನಗುಮುಖ ಹೊತ್ತಿರಬೇಕು. 1925ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಇವರು ಸಂಘ ಕಟ್ಟಿದರು. ಮುಂದಾಳು ಎ. ಫಿಲಿಪ್ ರಾಂಡಾಲ್ಫ್, ಆತ ಪೋರ್ಟರ್ ಆಗಿರಲಿಲ್ಲ, ಆದ್ದರಿಂದಲೇ ಕಂಪನಿ ಕೆಲಸದಿಂದ ತೆಗೆಯುವ ಭಯವೂ ಇರಲಿಲ್ಲ. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯೊಡನೆ ಒಪ್ಪಂದವಾಯಿತು. 400 ಗಂಟೆ 240ಕ್ಕೆ ಇಳಿಯಿತು, ಸಂಬಳ ಏರಿತು.

ಆದರೆ ಪರಿಣಾಮ ಸಂಬಳಕ್ಕೆ ನಿಲ್ಲಲಿಲ್ಲ. ಊರೂರು ತಿರುಗುವ ಈ ಜನ ಷಿಕಾಗೋದ ಕಪ್ಪು ಜನರ ಪತ್ರಿಕೆ ‘ಡಿಫೆಂಡರ್’ ಅನ್ನು ದಕ್ಷಿಣದ ಊರುಗಳಿಗೆ ಒಯ್ದು ಮುಟ್ಟಿಸುತ್ತಿದ್ದರು. 1955ರಲ್ಲಿ ಮಾಂಟ್‌ಗೊಮೆರಿಯಲ್ಲಿ ರೋಸಾ ಪಾರ್ಕ್ಸ್ ಬಂಧನವಾದಾಗ ಜಾಮೀನಿಗೆ ಓಡಿದ ಇ.ಡಿ. ನಿಕ್ಸನ್ ಒಬ್ಬ ಪುಲ್‌ಮನ್ ಪೋರ್ಟರ್. ಮಾರ್ಟಿನ್ ಲೂಥರ್ ಕಿಂಗ್ ಅವರ ಪ್ರಸಿದ್ಧ ಭಾಷಣ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯ ಹಿರಿಯ ನೇತಾರ ಇದೇ ರಾಂಡಾಲ್ಫ್.

ಟವೆಲಿನ ಲೆಕ್ಕ

ಭಾರತದಲ್ಲಿ ಕಥೆ ತಿರುವುಮುರುವಾಗಿ ಸಾಗಿದೆ. ಹಿಂದೆ ಕೋಚ್ ಅಟೆಂಡೆಂಟ್ ರೈಲ್ವೆಯ ಕಾಯಂ ನೌಕರನಾಗಿದ್ದ. ಸಮವಸ್ತ್ರ, ಪಾಸು, ಪಿಂಚಣಿ ಎಲ್ಲವೂ ಇತ್ತು. ಈಚಿನ ದಶಕಗಳಲ್ಲಿ ಹಾಸಿಗೆ ಹಂಚುವ ಕೆಲಸ ಬಹುಮಟ್ಟಿಗೆ ಟೆಂಡರ್ ಮೂಲಕ ಗುತ್ತಿಗೆದಾರರ ಕೈಗೆ ಹೋಗಿದೆ. ಎದೆಯ ಮೇಲಿನ ಬಿಲ್ಲೆಯಲ್ಲಿ ರೈಲ್ವೆಯ ಹೆಸರಿರಬಹುದು, ಸಂಬಳ ಕೊಡುವವರು ಬೇರೆ. ಗುತ್ತಿಗೆ ಮುಗಿದರೆ ನೌಕರಿಯೂ ಮುಗಿಯಿತು, ಅಥವಾ ಹೊಸ ಗುತ್ತಿಗೆದಾರರ ಬಳಿ ಮತ್ತೆ ಮೊದಲಿನಿಂದ.

432 ನಗಗಳ ಮಾತಿಗೆ ಈಗ ಬರಬಹುದು. 2017–18ರ ಒಂದೇ ವರ್ಷದಲ್ಲಿ ಪಶ್ಚಿಮ ರೈಲ್ವೆಯ ಗಾಡಿಗಳಿಂದ 1.95 ಲಕ್ಷ ಟವೆಲ್, 81,736 ಚಾದರ, 55,573 ದಿಂಬಿನ ಚೀಲ, 7,043 ಕಂಬಳಿ, 5,038 ದಿಂಬುಗಳು ಕಾಣೆಯಾದವು. ಕದ್ದವರು ಟಿಕೆಟ್ ತೆಗೆದು ತಂಪಿನಲ್ಲಿ ಮಲಗಿದ ಸಭ್ಯರು! ನಷ್ಟವನ್ನು ಗುತ್ತಿಗೆದಾರ ತುಂಬಿಕೊಡಬೇಕಾದಲ್ಲಿ, ಆತ ಅದನ್ನು ಅಟೆಂಡೆಂಟ್‌ಗಳ ಸಂಬಳದಲ್ಲಿ ಮುರಿದುಕೊಳ್ಳುವ ಸಂಗತಿ ಮತ್ತೆ ಮತ್ತೆ ವರದಿಯಾಗಿದೆ. ಟವೆಲ್ ಹೋಗಿ ಕಾಗದದಂಥ ತೆಳು ಕರವಸ್ತ್ರ ಹಲವು ಗಾಡಿಗಳಲ್ಲಿ ಬಂದದ್ದರ ಹಿಂದೆಯೂ ಈ ಕಳವಿದೆ. ನಿಲ್ದಾಣ ಬರುವ ಮೊದಲೇ ಅವನು ಕಂಬಳಿ ಎಳೆಯುವುದೇಕೆಂಬುದು ಈಗ ತಿಳಿದೀತು. ಗಾಡಿ ನಿಂತು, ಜನ ಚೀಲ ಹೊತ್ತು ಬಾಗಿಲಿಗೆ ನುಗ್ಗಿದ ಮೇಲೆ ಎಣಿಸಿ ಪ್ರಯೋಜನವಿಲ್ಲ. ಹಾಗೆಂದು ನಿದ್ದೆಗಣ್ಣಿನ ಪ್ರಯಾಣಿಕನ ಸಿಟ್ಟು ತಪ್ಪೆನ್ನಲೂ ಆಗದು. ಆತ ದುಡ್ಡು ಕೊಟ್ಟಿರುವುದು ಊರು ಮುಟ್ಟುವವರೆಗಿನ ಹಾಸಿಗೆಗೆ.

ಕಂಬಳಿ ವಾಸನೆ ಹೊಡೆದರೂ ಬೈಗುಳ ಇವನಿಗೇ. ಒಗೆಯುವುದು ಅವನ ಕೆಲಸವಲ್ಲ, ಅದು ರೈಲ್ವೆಯ ಯಂತ್ರದ ಧೋಬಿಖಾನೆಗಳದು. ಕಂಬಳಿಗಳನ್ನು ನಿಯಮದಂತೆ ಒಗೆಯುತ್ತಿಲ್ಲವೆಂದು 2017ರಲ್ಲಿ ಮಹಾಲೇಖಪಾಲರ ವರದಿಯೇ ಆಕ್ಷೇಪಿಸಿತು. ತಿಂಗಳಿಗೆ ಒಮ್ಮೆಯಾದರೂ ಒಗೆಯುತ್ತೇವೆಂದು 2024ರಲ್ಲಿ ರೈಲ್ವೆ ಸಚಿವರು ಲೋಕಸಭೆಗೆ ತಿಳಿಸಿದಾಗ, ಹಾಗಾದರೆ ಉಳಿದ ಇಪ್ಪತ್ತೊಂಬತ್ತು ದಿನ ಏನು ಎಂದು ಜನ ನಕ್ಕರು. ಎರಡು ಚಾದರ ಕೊಡುವುದು ಇದಕ್ಕೇ: ಒಂದು ಹಾಸಲು, ಇನ್ನೊಂದು ಮೈಗೂ ಕಂಬಳಿಗೂ ನಡುವೆ ಇರಲು. ಬಹುತೇಕರು ಎರಡನ್ನೂ ಕೆಳಗೇ ಹಾಸಿಬಿಡುತ್ತಾರೆ!

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಹಾಸಿಗೆ, ಕಂಬಳಿ, ಪರದೆಗಳನ್ನೆಲ್ಲ ರೈಲ್ವೆ ಹಿಂತೆಗೆದುಕೊಂಡಿತು. 2022ರ ಮಾರ್ಚ್‌ನಲ್ಲಿ ಮರಳಿ ಕೊಡಲು ಆದೇಶವಾಯಿತು. ನಡುವಿನ ಎರಡು ವರ್ಷ ತಂಪಿನ ಡಬ್ಬಿಯವರೂ ಮನೆಯಿಂದ ಹೊದಿಕೆ ಹೊತ್ತು ತಂದರು. ಹಾಸಿಗೆ ಹಂಚಿ ಬದುಕುತ್ತಿದ್ದವರಿಗೆ ಮಾತ್ರ ಹಂಚಲು ಏನೂ ಉಳಿದಿರಲಿಲ್ಲ.

ಈ ಕೆಲಸದಲ್ಲಿ ನಿಜಕ್ಕೂ ತೊಡಕಿನ ಪ್ರಶ್ನೆ ಒಂದಿದೆ: ಸುಮ್ಮನೆ ಎಚ್ಚರವಾಗಿರುವುದು ದುಡಿಮೆಯೇ? 1989ರ ರೈಲ್ವೆ ಕಾಯ್ದೆ ತನ್ನ ನೌಕರರ ಕೆಲಸವನ್ನು ದಣಿವಿನ ಪ್ರಮಾಣ ನೋಡಿ ವಿಂಗಡಿಸುತ್ತದೆ. ಅತಿ ತೀವ್ರ ಗಮನ ಬೇಡುವ ಕೆಲಸಕ್ಕೆ ವಾರಕ್ಕೆ 45 ಗಂಟೆ, ಸತತವಾದ ಕೆಲಸಕ್ಕೆ 54 ಗಂಟೆ, ನಡುನಡುವೆ ಕೈ ಖಾಲಿ ಇರುವ ಕೆಲಸಕ್ಕೆ 75 ಗಂಟೆಯವರೆಗೆ. ಕೈ ಖಾಲಿ ಇರುವ ಹೊತ್ತು ಪೂರ್ತಿ ದುಡಿಮೆಯಲ್ಲ ಎಂಬುದು ಇದರ ಹಿಂದಿನ ತರ್ಕ. ಗುತ್ತಿಗೆಯ ಅಟೆಂಡೆಂಟ್ ರೈಲ್ವೆಯ ನೌಕರನೇ ಅಲ್ಲವಾದ್ದರಿಂದ ಈ ವಿಂಗಡಣೆಯೂ ಅವನಿಗೆ ನೇರವಾಗಿ ಒದಗದು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಪ್ರಯಾಣಿಕರು ಮಲಗುವ ಹೊತ್ತೆಂದು ರೈಲ್ವೆಯೇ ಗೊತ್ತುಪಡಿಸಿದೆ. ಆ ಎಂಟು ಗಂಟೆಗಳಲ್ಲಿ ಅವನು ಮಾಡುವುದು ಹೆಚ್ಚೇನಿಲ್ಲ. ಎರಡು ಗಂಟೆಗೆ ಒಬ್ಬರನ್ನು ಇಳಿಸಿ, ಮೂರಕ್ಕೆ ಇಬ್ಬರಿಗೆ ಹಾಸಿಗೆ ಕೊಟ್ಟು, ಬಾಗಿಲಿನ ಚಿಲಕ ನೋಡುತ್ತಾನೆ. ಆದರೆ ಮಲಗುವಂತಿಲ್ಲ. ಡಬ್ಬಿಯವರು ನಿಶ್ಚಿಂತೆಯಿಂದ ಮಲಗಿರುವುದೇ ಅವನು ಮಲಗಿಲ್ಲವೆಂಬ ನಂಬಿಕೆಯಿಂದ. ಪುಲ್‌ಮನ್ ಪೋರ್ಟರುಗಳು ತಮ್ಮ ಕಂಪನಿಯೊಡನೆ ಹನ್ನೆರಡು ವರ್ಷ ಕಾದಾಡಿದ್ದೂ ಬಹುಪಾಲು ಈ ಗಂಟೆಗಳ ಲೆಕ್ಕಕ್ಕಾಗಿಯೇ.

ಇದೇ ಸೇವೆಯ ಸಿರಿವಂತ ರೂಪವನ್ನೂ ಕರ್ನಾಟಕ ಕಂಡಿದೆ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 2008ರಲ್ಲಿ ಆರಂಭಿಸಿದ ‘ಗೋಲ್ಡನ್ ಚಾರಿಯಟ್’ ಗಾಡಿಯ ಪ್ರವಾಸಪಟ್ಟಿಯಲ್ಲಿ ಬಾದಾಮಿ, ಪಟ್ಟದಕಲ್ಲುಗಳಿದ್ದವು. ಅದರ ಹನ್ನೊಂದು ಮಲಗುವ ಡಬ್ಬಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ, ಆದಿಲ್‌ಶಾಹಿ ಎಂದು ರಾಜವಂಶಗಳ ಹೆಸರು. ಒಂದರ ಹೆಸರು ಚಾಲುಕ್ಯ. ಡಬ್ಬಿಗೆ ನಾಲ್ಕೇ ಕೋಣೆ. ಗೋಲ್‌ಗುಂಬಜ್ ಗಾಡಿಯ ಅಟೆಂಡೆಂಟ್ 72 ಜನರಿಗೆ ಹಾಸಿಗೆ ಕೊಡುವಲ್ಲಿ ಇಲ್ಲಿ ಒಂದು ಡಬ್ಬಿಗೆ ಎಂಟು ಅತಿಥಿಗಳು. ನಷ್ಟದಿಂದ ನಿಂತು, ಐ.ಆರ್.ಸಿ.ಟಿ.ಸಿ. ಕೈಗೆ ಹೋಗಿ, 2021ರಲ್ಲಿ ಅದು ಮತ್ತೆ ಹೊರಟಿತು.

ಹುನಗುಂದ, ಇಳಕಲ್ಲುಗಳಿಗೆ ಈ ಯಾವ ಗಾಡಿಯೂ ಬರುವುದಿಲ್ಲ. ಹಳಿಯೇ ಇಲ್ಲದ ಊರುಗಳಿವು. ಇಲ್ಲಿಯವರು ಬೆಂಗಳೂರಿಗೆ ಮಲಗಿ ಹೋಗುವುದು ಹೆದ್ದಾರಿಯ ರಾತ್ರಿ ಬಸ್ಸಿನಲ್ಲಿ. ಸೀರೆಯ ಗಂಟು ಹೊತ್ತ ಇಳಕಲ್ಲಿನ ವ್ಯಾಪಾರಿಯೂ, ಗುಳೆ ಹೊರಟ ಕೂಲಿಕಾರರೂ ಹಿಡಿಯುವುದು ರಸ್ತೆಯನ್ನೇ. ಕೂಲಿಕಾರರಿಗೆ ಎಷ್ಟೋ ಸಲ ಮಲಗುವ ಬಸ್ಸೂ ಇಲ್ಲ, ಕೂತೇ ಹೋಗಬೇಕು. ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಅಟೆಂಡೆಂಟ್‌ನ ಪಾತ್ರ ಕ್ಲೀನರ್ ಹುಡುಗನದು. ಸಾಮಾನು ಡಿಕ್ಕಿಗೆ ತುಂಬುವವನು ಅವನೇ, ಹೊದಿಕೆ ಕೊಡುವವನೂ, ಊಟಕ್ಕೆ ನಿಂತಾಗ ತಲೆ ಎಣಿಸುವವನೂ ಅವನೇ. ಚಾಲಕನಿಗೆ ಮಂಪರು ಬಾರದಂತೆ ಪಕ್ಕದಲ್ಲಿ ಕೂತು ಮಾತಾಡುತ್ತಿರಬೇಕು. ನಸುಕಿನಲ್ಲಿ “ಹುನಗುಂದ ಇಳ್ಯಾವ್ರು ಏಳ್ರೀ” ಎಂದು ಪರದೆ ತಟ್ಟುತ್ತ ಹೋಗುವುದೂ ಅವನ ಕೆಲಸವೇ.

ರಾಜ್ಯ ರಸ್ತೆ ಸಾರಿಗೆ ನಿಗಮ 2023ರಲ್ಲಿ ತನ್ನ ಸ್ಲೀಪರ್ ಬಸ್ಸುಗಳಿಗೆ ‘ಪಲ್ಲಕ್ಕಿ’ ಎಂದು ಹೆಸರಿಟ್ಟಿತು. ಹೆಸರು ಚರಿತ್ರೆಗೆ ಚೆನ್ನಾಗಿ ಹೊಂದುತ್ತದೆ. ರೈಲು ಬರುವ ಮೊದಲು ಈ ದೇಶದಲ್ಲಿ ಉಳ್ಳವರು ರಾತ್ರಿ ಮಲಗಿ ಪ್ರಯಾಣ ಮಾಡುತ್ತಿದ್ದುದು ಪಲ್ಲಕ್ಕಿಯಲ್ಲೇ. ಪಂಜು ಹಿಡಿದವನು ಮುಂದೆ, ಬೋಯಿಗಳು ಹೆಗಲು ಕೊಟ್ಟು ಹಿಂದೆ. ಹಂತ ಹಂತಕ್ಕೆ ಹೊಸ ಬೋಯಿಗಳ ತಂಡ ಕಾದಿರುತ್ತಿತ್ತು; ಹೊತ್ತು ದಣಿದವರು ಅಲ್ಲಿ ಭಾರ ಇಳಿಸಿ, ಕೂಲಿ ಎಣಿಸಿಕೊಂಡು, ಉಳಿದ ರಾತ್ರಿ ಮಲಗುತ್ತಿದ್ದರು. ಇಂದಿನ ಕ್ಲೀನರ್ ಹುಡುಗನಿಗೆ ದಾರಿಯಲ್ಲಿ ಅಂಥ ಹಂತವಿಲ್ಲ. ಬಸ್ಸು ಇಳಕಲ್ಲು ಮುಟ್ಟಿ, ಸಾಮಾನೆಲ್ಲ ಇಳಿಸಿ, ಒಳಗೆ ಗುಡಿಸಿದ ಮೇಲೆ ಖಾಲಿಯಾದ ಹಲಗೆಯೊಂದರಲ್ಲಿ ಅವನು ಮಲಗುತ್ತಾನೆ. ಸಂಜೆಗೆ ಅದೇ ಬಸ್ಸು ಬೆಂಗಳೂರಿಗೆ ಮತ್ತೆ ಹೊರಡಬೇಕು.